ಎಡಗಡೆಗೆ ಮಾತ್ರ ಎಣ್ಣೆ

ಬೀದಿಯವರೆಲ್ಲ ಅವಳನ್ನು ಪೋಲೀಸಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ. ಕೆಲಸ ಹೊಲಿಗೆಯದು, ಸ್ವಭಾವ ಮಾತ್ರ ಠಾಣೆಯದು. ಯಾರಾದರೂ ಹೊಸ ಬಟ್ಟೆ ತಂದು "ಇದು ಬಣ್ಣ ಬಿಡಲ್ಲಕ್ಕ" ಎಂದರೆ ಸಾಕು, ಅವರ ಕಣ್ಣೆದುರೇ ಅಂಚಿನಿಂದ ಒಂದು ಚೂರು ಕತ್ತರಿಸಿ ನೀರಿನ ಲೋಟಕ್ಕೆ ಹಾಕುತ್ತಿದ್ದಳು. ನೀರು ಕೆಂಪಾದಾಗ ಅವಳ ಮುಖ ನೋಡಬೇಕಿತ್ತು. ಏನು ತೃಪ್ತಿ, ಏನು ತೃಪ್ತಿ! ಹಾಲಿನವನನ್ನು ನಂಬಳು, ಅಂಗಡಿಯ ತಕ್ಕಡಿಯನ್ನು ನಂಬಳು, ಗೋಡೆ ಗಡಿಯಾರ ಏನು ಹೇಳಿದರೂ ಕೈಗಡಿಯಾರವನ್ನೊಮ್ಮೆ ನೋಡಿಕೊಳ್ಳುವಳು.

ಅಂಥವಳ ಮನೆಯಲ್ಲೇ ಕೂದಲೆಣ್ಣೆಯ ಕಾರುಬಾರು ಶುರುವಾಯಿತು. ಶುರು ಮಾಡಿದವರು ಯಜಮಾನರು. ಸಸಿ ಮಾರುವ ನರ್ಸರಿಯಲ್ಲಿ ದುಡಿದು ನಿವೃತ್ತರಾದ ಮೇಲೆ ಅವರಿಗೆ ಕೈ ಕಟ್ಟಿ ಕೂರಲು ಬರಲಿಲ್ಲ. ಮನೆಯ ಬಟ್ಟೆ ಒಗೆಯುವ ಕೆಲಸ ತಾವೇ ವಹಿಸಿಕೊಂಡರು. ಅದೂ ಸಾಲದೆ ದಾಸವಾಳದ ಎಲೆ, ಲೋಳೆಸರ, ಮೆಂತ್ಯ, ಇನ್ನೂ ಏನೇನೋ ಸೊಪ್ಪು ಅರೆದು ಎಣ್ಣೆಯಲ್ಲಿ ಕಾಯಿಸತೊಡಗಿದರು. ವಯಸ್ಸಾಗಿ ಉದುರುವ ಕೂದಲು ಇದರಿಂದ ನಿಲ್ಲುತ್ತದಂತೆ, ಗಂಡಸರಿಗೂ ಆಗುತ್ತದಂತೆ, ಹೆಂಗಸರಿಗೂ ಆಗುತ್ತದಂತೆ. ಅವರ ಸ್ವಂತ ತಲೆಯೋ, ತೊಳೆದಿಟ್ಟ ತಟ್ಟೆ.

"ನಿಮ್ಮ ತಲೆ ನೋಡಿದ ಮೇಲೂ ಜನ ಎಣ್ಣೆ ತಗೊಂಡು ಹೋಗ್ತಾರಲ್ಲ, ಅವರಿಗೇನು ಕಣ್ಣಿಲ್ವಾ?" ಎಂದಳು ಪೋಲೀಸಕ್ಕ.

"ನಂದು ಹೋದ್ಮೇಲೆ ಕಲಿತ ವಿದ್ಯೆ ಕಣೇ ಇದು" ಎಂದರು ಯಜಮಾನರು, ಸೌಟು ತಿರುಗಿಸುತ್ತ.

ಪಕ್ಕದ ಮನೆಯ ಮೇಷ್ಟ್ರು ಬೋಳು ನೆತ್ತಿ ತಡವಿಕೊಂಡು, "ಏನೋ ಚುಚ್ಚಿದ ಹಾಗಾಗುತ್ತೆ, ಮೊಳೀತಾ ಇರಬೇಕು" ಎಂದರು. ಎದುರುಮನೆಯಾಕೆ, "ಬಾಚಣಿಗೇಲಿ ಬರೋದು ಕಮ್ಮಿ ಆಗಿದೆ" ಎಂದಳು. ತಲೇಲಿ ಇದ್ದರೆ ತಾನೇ ಬಾಚಣಿಗೇಲಿ ಬರೋದು ಎಂದು ಪೋಲೀಸಕ್ಕ ಒಳಗೇ ಮೂಗು ಮುರಿದಳು.

ಆದರೆ ಅವಳ ಹೊಟ್ಟೆಯೊಳಗೊಂದು ಹೆದರಿಕೆ ಕೂತಿತ್ತು. ಬೈತಲೆ ಅಗಲವಾಗುತ್ತಿತ್ತು. ಅವಳಮ್ಮನಿಗೂ ಹೀಗೇ ಆಗಿತ್ತು. ಮನೆಯವರೆಲ್ಲ ಸೇರಿ "ಏನೂ ಕಾಣಲ್ಲ ಬಿಡಮ್ಮ, ದಟ್ಟವಾಗೇ ಇದೆ" ಎನ್ನುತ್ತಿದ್ದರು. ಅಮ್ಮ ನಂಬಿದ್ದಳು, ಪಾಪ. ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವರು ಅವಳ ನೆತ್ತಿ ನೋಡಿ ಕಿಸಕ್ಕನೆ ನಕ್ಕರು. ಆಮೇಲೆ ಅಮ್ಮ ತಲೆಗೆ ಬಟ್ಟೆ ಕಟ್ಟದೆ ಹೊಸಿಲು ದಾಟಿದ್ದಿಲ್ಲ, ಮನೆಯವರ ಮಾತನ್ನು ಇನ್ನೆಂದೂ ನಂಬಿದ್ದೂ ಇಲ್ಲ. ಕೂದಲು ಹೋದರೆ ಹೋಗಲಿ, ತನಗೆ ಯಾರೂ ಹಾಗೆ ಸುಳ್ಳು ಹೇಳಬಾರದು. ಪೋಲೀಸಕ್ಕನಿಗೆ ಬೇಕಾದದ್ದು ಅಷ್ಟೇ.

ಚೂರು ನೆನೆಸಿ ನೋಡುವ ಬುದ್ಧಿಯನ್ನು ತಲೆಗೂ ಓಡಿಸಿದಳು. ಯಜಮಾನರು ಹೊರಗೆ ಹೋದಾಗ ಕದ್ದು ಎಣ್ಣೆ ಬಗ್ಗಿಸಿಕೊಂಡು ಬೈತಲೆಯ ಎಡಕ್ಕೆ ಮಾತ್ರ ಹಚ್ಚಿದಳು. ಬಲಕ್ಕೆ ಒಂದು ಹನಿಯೂ ಇಲ್ಲ. ಎಡ ಗೆದ್ದರೆ ಎಣ್ಣೆ ನಿಜ, ಇಲ್ಲದಿದ್ದರೆ ಮೋಸ. ತಿಂಗಳುಗಟ್ಟಲೆ ಹೀಗೇ ನಡೆಸಿದಳು.

ಒಂದನ್ನು ಮರೆತಿದ್ದಳು: ನೆತ್ತಿ ನೋಡುವವರು ಯಾರು? ಗೋಡೆಗೊಂದು ಕನ್ನಡಿ, ಕೈಯಲ್ಲೊಂದು ಕನ್ನಡಿ ಹಿಡಿದು ಕತ್ತು ನೋಯಿಸಿಕೊಂಡದ್ದೇ ಬಂತು. ಎದುರುಮನೆಯಾಕೆ ಬೆಣ್ಣೆ ಹಚ್ಚುವ ಪೈಕಿ. ಉಳಿದವರು ಯಜಮಾನರೇ. ತಮ್ಮ ಎಣ್ಣೆಯನ್ನು ಹೊಗಳದೆ ಬಿಟ್ಟಾರೆಯೇ? ಹೊಗಳಲಿ, ಎಣ್ಣೆ ಬಿದ್ದದ್ದು ಯಾವ ಕಡೆ ಎಂದು ಅವರಿಗೆ ಗೊತ್ತಿಲ್ಲವಲ್ಲ!

ಒಂದು ಬೆಳಿಗ್ಗೆ ಎಣ್ಣೆಜಿಡ್ಡು ಕಾಣದ ಹಾಗೆ ತಲೆ ತೊಳೆದು ಒಣಗಿಸಿಕೊಂಡು, ಕಿಟಕಿಯ ಪಕ್ಕ ಹೊಲಿಗೆ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಳು. "ರೀ, ಯಾವ ಕಡೆ ಕೂದ್ಲು ಒತ್ತಾಗಿದೆ, ನೋಡಿ ಹೇಳಿ."

ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ಅವಳಿಗೆ ಅನುಮಾನ ಬಂತು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ" ಎಂದರು. "ಎರಡೂ ಕಡೆ ತೆಳ್ಳಗಾಗಿದೆ. ಹೋದ ವರ್ಷಕ್ಕಿಂತ ಜಾಸ್ತೀನೇ."

ತಾನು ಗೆದ್ದಂತಾಯಿತಲ್ಲ, ಆದರೂ ಅವಳಿಗೆ ಅಳು ಬಂತು. ಅದನ್ನು ತೋರಿಸಬಾರದೆಂದು ದಡದಡ ಒಳಗೆ ಹೋಗಿ ಹಾಸಿಗೆ ಕೊಡವತೊಡಗಿದಳು. ತನ್ನ ದಿಂಬನ್ನು ಎತ್ತಿದವಳು ಹಾಗೇ ನಿಂತಳು. ದಿಂಬಿನ ಎಡ ಅರ್ಧದಲ್ಲಿ ಹಸಿರು ಎಣ್ಣೆಯ ಕಲೆ. ಬಲ ಅರ್ಧ ಶುಭ್ರ. ಈ ದಿಂಬಿನ ಚೀಲವನ್ನು ವಾರ ವಾರ ಒಗೆಯುವವರು ಯಾರು? ಊರಿನ ಕಳ್ಳರನ್ನೆಲ್ಲ ಹಿಡಿಯುವ ಪೋಲೀಸಕ್ಕನಿಗೆ ತನ್ನ ದಿಂಬೇ ಕಂಡಿರಲಿಲ್ಲ!

ದಿಂಬು ಹಿಡಿದೇ ಹೊರಗೆ ಬಂದಳು. "ನಿಮಗೆ ಗೊತ್ತಿತ್ತಾ?"

"ಮೊದಲನೇ ಸಲ ಒಗೆದಾಗಿಂದ."

"ಮತ್ತೆ ಎಡಗಡೆ ಬಂದಿದೆ ಅಂತ ಹೇಳಬಹುದಿತ್ತಲ್ರೀ. ನಿಮ್ಮ ಎಣ್ಣೆ ಮರ್ಯಾದೆನಾದ್ರೂ ಉಳೀತಿತ್ತು."

"ಹೇಳಬಹುದಿತ್ತು. ನಿಮ್ಮಮ್ಮನಿಗೆ ಹೇಳ್ತಿದ್ರಲ್ಲ, ಹಾಗೆ." ಅವರು ಒಲೆಯ ಮೇಲಿನ ಬಾಣಲೆ ಕೆಳಗಿಳಿಸಿದರು. "ಮೇಷ್ಟ್ರಿಗೂ ಎದುರುಮನೆಯವರಿಗೂ ಇವತ್ತೇ ಹೇಳಿಬಿಡ್ತೀನಿ, ಇದರಿಂದ ಏನೂ ಆಗಲ್ಲ ಅಂತ." ಅವರ ಮುಖ ಸಣ್ಣದಾಗಿತ್ತು. ಅದನ್ನು ನೋಡಿ ಅವಳಿಗೆ ತನ್ನ ಕೂದಲಿಗಿಂತ ಹೆಚ್ಚು ಸಂಕಟವಾಯಿತು.

ಅವಳು ಮತ್ತೆ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಳು.

"ಕಾಯಿಸಿದ್ದನ್ನ ಚೆಲ್ಲಬೇಡಿ. ಬನ್ನಿ, ಹಚ್ಚಿ. ಎರಡೂ ಕಡೆ."

"ಬೆಳೆಯಲ್ಲ ಅಂದ್ನಲ್ಲೇ."

"ಕೇಳಿಸ್ತು. ಕೈ ತೊಳ್ಕೊಂಡಿದ್ದೀರಾ?"

ಅಭ್ಯಾಸದಂತೆ ಅವರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಪೋಲೀಸಕ್ಕ ನೋಡಲಿಲ್ಲ. ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು.