ಕೆಂಪು ಸೆರಗಿನ ಡಬ್ಬಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಪವರ್‌ಲೂಮಿನ ಜನರೇಟರಿಗೆ ಬೇಕಾದ ಡೀಸೆಲ್, ಮೈದುನನ ಬೈಕಿನ ಪೆಟ್ರೋಲು ಎರಡೂ ಒಂದೇ ಬಣ್ಣದ ಡಬ್ಬಿಗಳಲ್ಲಿ ಅಡುಗೆಮನೆಯ ಬಾಗಿಲಲ್ಲೇ ಇರುತ್ತಿದ್ದವು. ಒಮ್ಮೆ ಗಂಡ ಗುರುತು ಸಿಗದೆ ಜನರೇಟರಿಗೆ ಪೆಟ್ರೋಲು ಸುರಿಯಲು ಹೋಗಿದ್ದರು. ಅಂದೇ ನಾನು ಹಳೆಯ ಸೀರೆಯ ಕೆಂಪು ಸೆರಗು ಹರಿದು ಪೆಟ್ರೋಲಿನ ಡಬ್ಬಿಗೆ ಕಟ್ಟಿ, ಎರಡನ್ನೂ ಹಿತ್ತಲಿನ ಕಲ್ಲಿನ ಖೋಲಿಗೆ ಒಯ್ದಿಟ್ಟೆ.

"ಡಬ್ಬಿಗೂ ಸೀರಿ ಉಡಿಸೀರೇನ್ರಿ, ವೈನಿ?" ಎಂದು ಮೈದುನ ನಕ್ಕ. ಮರುದಿನ ಬೆಳಿಗ್ಗೆ ನೋಡಿದರೆ ಡಬ್ಬಿಗಳು ಮತ್ತೆ ಬಾಗಿಲಲ್ಲಿದ್ದವು.

"ಅವು ಹೊರಗ ಹೋಗೂತನಕ ನಾ ಒಲಿ ಹಚ್ಚೂದಿಲ್ಲ," ಎಂದು ಹೇಳಿ ಕೂತೆ. ಅತ್ತೆ ಗೊಣಗಿದರು, ಗಂಡ ಕಣ್ಣು ಕೆಕ್ಕರಿಸಿದರು, ನಾನು ಏಳಲಿಲ್ಲ. ಮಧ್ಯಾಹ್ನವಾದರೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಲ್ಲ. ಕೊನೆಗೆ ಹಸಿದ ಮೈದುನನೇ ಡಬ್ಬಿಗಳನ್ನು ಹೊತ್ತುಕೊಂಡು ಹಿತ್ತಲಿಗೆ ಹೋದ. ಅವನು ಖೋಲಿಯ ಬಾಗಿಲು ಹಾಕಿದ ಮೇಲೆಯೇ ನಾನು ಕಡ್ಡಿ ಗೀರಿದ್ದು.