ಅರ್ಧ ಪುಸ್ತಕ

ಮೊನ್ನೆ ನಮ್ಮ ಶಾಲೆಯಲ್ಲಿ ಹುಡುಗಿಯೊಬ್ಬಳು ಬಿದ್ದು ಮೊಣಕಾಲು ತರಚಿಕೊಂಡಳು. ಔಷಧಿ ಡಬ್ಬಿಯಿಂದ ಟಿಂಚರ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದೆ, ಅಷ್ಟೇ... ಆ ಘಾಟು ಮೂಗಿಗೆ ಬಡಿಯಿತು. ಇಂಡಿಗೆ ಶಿಕ್ಷಕಿಯಾಗಿ ಬಂದು ಎಷ್ಟೋ ವರ್ಷವಾದರೂ ಆ ವಾಸನೆ ನನ್ನನ್ನು ಸೀದಾ ಕಂಪೌಂಡರ್ ಕಾಕಾ ಅವರ ಕೋಣೆಗೆ ಒಯ್ದು ನಿಲ್ಲಿಸುತ್ತದೆ.

ನಮ್ಮ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ನಮ್ಮನ್ನು ಮುದ್ದೇಬಿಹಾಳ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರಕ್ಕೆ ತಂದು ಹಾಕಿದ್ದರು. ತಗಡಿನ ಶೆಡ್ಡು, ಕಲ್ಲು ನೆಟ್ಟು ಗುರುತು ಮಾಡಿದ ಪ್ಲಾಟು. ಅದು ಖಾಲಿ ಜಾಗ ಎಂದೇ ನಾವು ನಂಬಿದ್ದೆವು. ಪಕ್ಕದ ಹಳೇ ಊರಿನವರಿಗೆ ಅದು ಹೊಲ, ದನ ಮೇಯಿಸುವ ಬಯಲು. ಒಬ್ಬ ಮುದುಕ ಅಲ್ಲೇ ಕುರಿದಡ್ಡಿ ಹಾಕಿಕೊಂಡಿದ್ದ. ಕಾಕಾ ಆ ಹಳೇ ಊರಿನವರು. ಅವರ ತಮ್ಮನ ಹೊಲವೂ ನಮ್ಮ ಪ್ಲಾಟಿಗೆ ಹೋಗಿತ್ತು. ಆದರೂ ನಮ್ಮ ಅವ್ವನ ಕಾಲಿನ ಹುಣ್ಣಿಗೆ ವಾರಕ್ಕೆರಡು ಸಲ ಪಟ್ಟಿ ಕಟ್ಟುತ್ತಿದ್ದವರು ಅವರೇ.

ಅವರಿಗೆ ಓದುವ ಹುಚ್ಚು, ಓದಿಸುವ ಹುಚ್ಚು ಅದಕ್ಕಿಂತ ಹೆಚ್ಚು. ದಪ್ಪ ಪುಸ್ತಕ ಕಂಡರೆ ಜನ ಹೆದರುತ್ತಾರೆಂದು ಬ್ಲೇಡಿನಿಂದ ನಡುವೆ ಸೀಳಿ, ಗಾಯಕ್ಕೆ ಹಾಕುವ ದಾರದಿಂದಲೇ ಹೊಲಿದು ಎರಡು ಮಾಡುತ್ತಿದ್ದರು. ಮೊದಲನೆಯದನ್ನು ಮುಗಿಸಿ ತಂದವರಿಗೆ ಎರಡನೆಯದು.

"ದಿನಾ ರೇಡಿಯೋದಾಗ ಆ ಯಹೂದಿಗಳ ದೇಶದ ಹೊಡದಾಟ ಹೇಳ್ತಾರ, ಯಾಕಂತ ಹೇಳಂಗಿಲ್ಲ. ಇದು ತಿಳಿಯೂಹಂಗ ಬರದಾರ. ಓದು ಯವ್ವಾ, ಊರು ಕಳಕೊಂಡಾವ್ರ ಕಥಿ ಐತಿ," ಎಂದು ಒಂದು ದಿನ ಒಂದು ಪುಸ್ತಕದ ಮೊದಲರ್ಧವನ್ನು ನನ್ನ ಕೈಗಿಟ್ಟರು.

ಯಹೂದಿಗಳ ಇತಿಹಾಸ. ಸಾಲಿ ಕಲಿತ ಯಾರಿಗಾದರೂ ಅರ್ಥವಾಗುವಂಥ ಕನ್ನಡ. ಊರಿಂದ ಊರಿಗೆ ಅಟ್ಟಿಸಿಕೊಂಡವರು, ಬಾಗಿಲಿಗೆ ಬೆಂಕಿ ಹಚ್ಚಿಸಿಕೊಂಡವರು. ಕೊನೆಗೆ ಮುದುಕರು, ಕೂಸುಗಳೆನ್ನದೆ ರೈಲಿನ ಡಬ್ಬಿಗೆ ತುಂಬಿ ಒಯ್ದು, ವಿಷದ ಗಾಳಿ ಬಿಟ್ಟು ಕೊಂದು ಸುಟ್ಟದ್ದು. ಉಳಿದವರು ತಮ್ಮದೆಂದು ತಲೆಮಾರುಗಳಿಂದ ಪ್ರಾರ್ಥನೆಯಲ್ಲಿ ಹೇಳಿಕೊಂಡು ಬಂದ ನೆಲಕ್ಕೆ ಹಡಗು ಹತ್ತುವಲ್ಲಿಗೆ ನನ್ನ ಅರ್ಧ ಮುಗಿಯಿತು. ನಾನು ಅತ್ತುಬಿಟ್ಟೆ. ನಮ್ಮ ಕಥೆಯೇ ಎನಿಸಿತು. ಎಂಥ ಸೊಕ್ಕು ನನ್ನದು... ನಮಗೆ ಪರಿಹಾರ ಕೊಟ್ಟು ಲಾರಿ ಹತ್ತಿಸಿದ್ದರು, ಅವರನ್ನು ಕೊಂದಿದ್ದರು. ಆ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿನ ನೆರಳಲ್ಲಿ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅಣ್ಣ ಮಾತ್ರ ಹಲ್ಲು ಕಚ್ಚಿ ಕೂತಿರುತ್ತಿದ್ದ. "ಸುಮ್ಮ ಕುಂತಿದ್ದಕ್ಕ ಅವ್ರಿಗೆ ಹಂಗಾತು. ನಾವು ಕುಂದ್ರೂದು ಬ್ಯಾಡ," ಅಂದ. ನನಗೆ ಹೆಮ್ಮೆಯಾಯಿತು.

ಎರಡನೆಯ ಅರ್ಧ ತರಲು ಹೋಗಬೇಕಿದ್ದ ದಿನ ಬೆಳಿಗ್ಗೆ ಆ ಕುರಿಯ ಮುದುಕ ಬಂದು, ತನ್ನ ದಡ್ಡಿಯಿದ್ದ ಜಾಗದಲ್ಲಿ ನೆಟ್ಟಿದ್ದ ನಮ್ಮ ಪ್ಲಾಟಿನ ಕಲ್ಲು ಕಿತ್ತೊಗೆದ. ಅಣ್ಣ ಗುದ್ದಲಿಯ ಕಾವು ಹಿಡಿದು ಓಡಿದ. ಅವನ ಹಿಂದೆ ಹತ್ತು ಜನ. ಹಳೇ ಊರಿನಿಂದಲೂ ಬಡಿಗೆ, ಕೊಡಲಿ ಹಿಡಿದು ಬಂದರು. ಒಬ್ಬನ ಕಿವಿ ಹರಿದು ನೇತಾಡುತ್ತಿತ್ತು. ಕಾಕಾ ಬಿಳೀ ಅಂಗಿಯಲ್ಲೇ ಓಡಿಬಂದು ನಡುವೆ ನಿಂತರು. ಅಣ್ಣನ ಮೊದಲ ಏಟಿಗೆ ಅವರ ಬಲಗೈ ಮುರಿದದ್ದು ನನಗೆ ಕೇಳಿಸಿತು. ಎರಡನೆಯ ಏಟು ಮುದುಕನ ತಲೆಗೆ ಬಿತ್ತು. ಬಿದ್ದವನನ್ನು ಅಣ್ಣ ಮತ್ತೆ ಹೊಡೆದ. ನಾನು ಬೇಡ ಎನ್ನಲಿಲ್ಲ. ಇದನ್ನು ಬರೆಯಲೇಬೇಕು, ನಾನು ಬೇಡ ಎನ್ನಲಿಲ್ಲ.

ಕಾಕಾ ಎಡಗೈಯಿಂದ ಮುದುಕನ ತಲೆ ಒತ್ತಿ ಹಿಡಿದು ಟೆಂಪೋ ಹತ್ತಿದರು. ಮುದ್ದೇಬಿಹಾಳ ಮುಟ್ಟುವ ಮೊದಲೇ ಮುದುಕನ ಪ್ರಾಣ ಹೋಯಿತು. ಅಣ್ಣನನ್ನು ಪೊಲೀಸರು ಒಯ್ದರು.

ತಿಂಗಳ ಮೇಲೆ ಅರ್ಧ ಪುಸ್ತಕ ಹಿಂದಿರುಗಿಸಲು ಹೋದೆ. ಕಾಕಾ ಪ್ಲಾಸ್ಟರು ಕಟ್ಟಿದ ಕೈ ಎದೆಗಾನಿಸಿಕೊಂಡು ಕೂತಿದ್ದರು. ನಾನೇ ಓದಿ ಓದಿ ಅಣ್ಣನ ತಲೆ ಕೆಡಿಸಿದೆ ಎಂದು ಹೇಳಿದೆ.

"ನಿನ್ನೊಬ್ಬಾಕಿದು ಅಲ್ಲ ತಪ್ಪು. ನಾ ಅರ್ಧಾ ಕೊಟ್ಟೆ. ಗಾಯಾನೂ ಅರ್ಧಾ ಹೊಲದು ಕಳಸಬಾರದು ಅನ್ನೂದು ನನಗ ಗೊತ್ತಿರಬೇಕಿತ್ತು," ಅಂದರು. ಎರಡನೆಯದನ್ನು ಎಡಗೈಯಲ್ಲಿ ಕೊಟ್ಟರು.

ಅದರಲ್ಲಿ ಆ ನೆಲದಲ್ಲಿ ಮೊದಲೇ ಇದ್ದವರು ಇದ್ದರು. ಅರಬರ ಊರುಗಳು, ಆಲಿವ್ ತೋಟಗಳು, ಬಾವಿಗಳು. ಯುದ್ಧದಲ್ಲಿ ಓಡಿಹೋದವರು, ಓಡಿಸಲ್ಪಟ್ಟವರು, ನಾಳೆ ತಿರುಗಿ ಬರುತ್ತೇವೆಂದು ಮನೆಯ ಕೀಲಿ ಸೊಂಟಕ್ಕೆ ಕಟ್ಟಿಕೊಂಡವರು. ಆಮೇಲೆ ಬಸ್ಸಿನಲ್ಲಿ ಸಿಡಿದ ಬಾಂಬು, ಸತ್ತ ಯಹೂದಿ ಕೂಸುಗಳು; ಕುಸಿದ ಮನೆ, ಅದರಡಿಯಲ್ಲಿ ಸತ್ತ ಅರಬ್ ಕೂಸುಗಳು. ಮೊದಲರ್ಧದ ಸಾವುಗಳು ಇದರಿಂದ ಸುಳ್ಳಾಗಲಿಲ್ಲ. ಆದರೆ ಪ್ರತಿ ಪುಟದಲ್ಲೂ ನನಗೆ ಆ ಕುರಿಯ ಮುದುಕನೇ ಕಾಣುತ್ತಿದ್ದ. ಅದನ್ನು ನಾನು ಯಾರಿಗೂ ಗಟ್ಟಿಯಾಗಿ ಓದಿ ಹೇಳಲಿಲ್ಲ.

ಕಾಕಾ ಅವರ ಬಲಗೈ ಬೆರಳು ಮತ್ತೆ ಸರಿಯಾಗಿ ಮಡಚಲಿಲ್ಲ. ಗಾಯ ಹೊಲಿಯುವುದೂ ನಿಂತಿತು, ಪುಸ್ತಕ ಹೊಲಿಯುವುದೂ ನಿಂತಿತು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನದ ಮೇಲೆ.

ಶಿಕ್ಷೆ ಮುಗಿಸಿ ಬಂದ ಅಣ್ಣ ಈಗ ಸಿಂದಗಿಯಲ್ಲಿದ್ದಾನೆ, ಮಾತು ಕಡಿಮೆ. ಹೋದ ಭಾನುವಾರ ಅವನ ಮನೆಗೆ ಹೋಗಿದ್ದೆ. ಮೊಬೈಲಿನಲ್ಲಿ ಆ ದೇಶದ ಸುದ್ದಿ ನೋಡುತ್ತಿದ್ದ. ಧೂಳಿನೊಳಗಿಂದ ಒಬ್ಬ ಮುದುಕನನ್ನು ಎಳೆದು ತೆಗೆಯುತ್ತಿದ್ದರು. ಅಣ್ಣ ಮೊಬೈಲು ಕೆಳಗಿಟ್ಟು, ಇಷ್ಟು ವರ್ಷದಲ್ಲಿ ಕೇಳದಿದ್ದುದನ್ನು ಕೇಳಿದ.

"ಆ ಮುದುಕ ಟೆಂಪೋದಾಗ ಸಾಯೂಮುಂದ ಏನರ ಅಂದಿದ್ನೇನು?"

ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಕಾಕಾ ಒಬ್ಬರೇ. ಇಷ್ಟು ವರ್ಷ ಬದುಕಿದ್ದರು. ನಾನು ಒಂದು ಸಲವೂ ಕೇಳಲಿಲ್ಲ.