ಕ್ಷಮಿಸು ಎನ್ನದ ಉಪದೇಶಿಯಮ್ಮ

ಸಿಟ್ಟು ಬಂದರೆ ಉಪದೇಶಿಯಮ್ಮನ ಮೂಗಿನ ತುದಿ ಬೆಳ್ಳಗಾಗುತ್ತಿತ್ತು. ಅಷ್ಟು ಕಪ್ಪು ಮುಖದಲ್ಲಿ ಆ ಬಿಳುಪು ಕಂಡರೆ ಎಸ್ಟೇಟಿನ ಕುಡುಕರೂ ದಾರಿ ಬಿಡುತ್ತಿದ್ದರು. ಸೋಮವಾರಪೇಟೆ ಕಡೆಯ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಅವರ ಗಂಡ ಉಪದೇಶಿ, ಪಾದ್ರಿಗಳ ಕೈಕೆಳಗಿನ ಬೋಧಕ. ಎದುರು ಮಾತಾಡುವ ಧೈರ್ಯ ಮಾತ್ರ ಆಕೆಯದು.

ಅಪ್ಪ ಅಮ್ಮ ಜ್ವರದಲ್ಲಿ ಹೋದ ಮೇಲೆ ನಾನು ದೊಡ್ಡಪ್ಪನ ಮನೆ ಸೇರಿದ್ದೆ. ಆತ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಸಭೆಯ ಹಿರಿಯ. ಭಾನುವಾರ ಕಣ್ಣೀರು ಸುರಿಸಿ ಪ್ರಾರ್ಥಿಸುವನು. ಅದೇ ಮನುಷ್ಯ ಮನೆಯಲ್ಲಿ ನನ್ನ ಮೇಲೆ ಕೈ ಹಾಕಿದ, ಒಮ್ಮೆಯಲ್ಲ. ದೊಡ್ಡಮ್ಮನಿಗೆ ಹೇಳಿದರೆ ನನ್ನ ಬಾಯಿ ಮುಚ್ಚಿದಳು: "ಮನೆ ಮರ್ಯಾದೆ ಕಣೇ."

ತೋಡಿನ ನೀರಿನಲ್ಲಿ ಕೂತು ತೆಂಗಿನ ನಾರಿನಿಂದ ತೋಳು ಉಜ್ಜುತ್ತಿದ್ದೆ, ರಕ್ತ ಜಿನುಗುವ ತನಕ. ಉಪದೇಶಿಯಮ್ಮ ಕಂಡು ನಾರು ಕಿತ್ತುಕೊಂಡರು. "ಯಾರು?" ಎಂದರು. ಹೇಳಿದೆ. ನಿಜವೇ ಎಂದು ಕೇಳಲಿಲ್ಲ. "ನೀನು ಹೊಲಸಲ್ಲ ಮಗಾ. ಹೊಲಸು ಅವ್ನು." ಅಂದೇ ತಮ್ಮ ಮನೆಗೆ ಕರೆದೊಯ್ದರು.

ಮರುವಾರ ವಿಷಯ ತಿಳಿದು ಪಾದ್ರಿಗಳು ಬಂದರು. ಜೊತೆಗೆ ದೊಡ್ಡಪ್ಪ, ಕೈಯಲ್ಲೊಂದು ಚೀಲ ಕಿತ್ತಳೆ. ಕಿತ್ತಳೆ!

"ಅವರು ಪಶ್ಚಾತ್ತಾಪಪಟ್ಟಿದ್ದಾರೆ. ಕ್ಷಮಿಸಮ್ಮ, ಕೈ ಕೊಡು" ಎಂದರು ಪಾದ್ರಿಗಳು. ಆತ ಚಾಚಿದ ಕೈ ನೋಡಿ ನಾನು ಗೋಡೆಯತ್ತ ಸರಿದೆ.

ಉಪದೇಶಿಯಮ್ಮ ನಡುವೆ ಬಂದು ನಿಂತರು. "ಅಯ್ಯನೋರೇ, ಚಿಕ್ಕವರಿಗೆ ಕೇಡು ಮಾಡೋನ ಕುತ್ತಿಗೆಗೆ ಬೀಸೋ ಕಲ್ಲು ಕಟ್ಟಿ ಮುಳುಗಿಸೋದೇ ವಾಸಿ ಅಂದೋನೂ ಯೇಸುನೇ. ಅದನ್ಯಾಕೆ ಓದಲ್ಲ ನೀವು? ಕ್ಷಮೆ ಇವಳದ್ದು. ಕೊಡ್ಸೋಕೆ ನೀವ್ಯಾರು?" ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. "ಪಶ್ಚಾತ್ತಾಪ ಆಗಿದ್ರೆ ಸಭೆ ಮುಂದೆ ನಿಂತು ಏನ್ಮಾಡ್ದೆ ಅಂತ ಹೇಳು."

ಆತ ಹೇಳಲಿಲ್ಲ. ಹಿರಿಯನಾಗಿಯೇ ಉಳಿದ. ಪಾದ್ರಿಗಳು ಉಪದೇಶಿಗಳನ್ನೇ ಶಿರಂಗಾಲದ ಕಡೆಗೆ ವರ್ಗ ಮಾಡಿದರು. ಎತ್ತಿನ ಗಾಡಿಯಲ್ಲಿ ಪಾತ್ರೆ ಪಡಗದ ನಡುವೆ ನನ್ನನ್ನೂ ಕೂರಿಸಿಕೊಂಡು ಗಂಡ ಹೆಂಡತಿ ಹೊರಟರು.

ಪ್ರಾರ್ಥನೆಯಲ್ಲಿ 'ಪರಲೋಕದ ತಂದೆಯೇ' ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಆ ಮಾತು ದೊಡ್ಡಪ್ಪನ ಬಾಯಲ್ಲೂ ಕೇಳಿದ್ದೆನಲ್ಲ.

"ಬೇಡ ಬಿಡು. ಸುಮ್ನೆ ನನ್ನ ಪಕ್ಕ ಕೂತ್ಕೋ. ದೇವ್ರಿಗೇನೂ ಅವಸರ ಇಲ್ಲ" ಎಂದರು ಉಪದೇಶಿಯಮ್ಮ.

ಕೂತೆ. ವರ್ಷಗಳೇ ಹಿಡಿದವು. ಒಂದು ಮಧ್ಯಾಹ್ನ ಅಕ್ಕಿ ಆರಿಸುವಾಗ ಆ ಮಾತು ತಾನಾಗಿಯೇ ಬಾಯಿಗೆ ಬಂತು. ಅವರು ತಲೆಯೆತ್ತಲಿಲ್ಲ, ಕೈಯಲ್ಲಿದ್ದ ಮೊರ ಮಾತ್ರ ನಿಂತಿತು.

ದೊಡ್ಡಪ್ಪ ಸಾಯುವಾಗ ನನಗೆ ಹೇಳಿಕಳಿಸಿದ. "ಹೋಗ್ಬೇಕು ಅನ್ಸಿದ್ರೆ ಹೋಗು. ಯೇಸು ಹೆಸರು ಹೇಳಿ ನಿನ್ನ ಯಾರೂ ಎಳ್ಕೊಂಡು ಹೋಗೋ ಹಾಗಿಲ್ಲ" ಎಂದರು ಉಪದೇಶಿಯಮ್ಮ. ಹೋಗಲಿಲ್ಲ. ಆತನ ಗೋರಿಯ ಮೇಲೆ 'ನಂಬಿಗಸ್ತ ಸೇವಕ' ಎಂದು ಕೆತ್ತಿಸಿದ್ದಾರಂತೆ. ಥೂ!

ಉಪದೇಶಿಯಮ್ಮ ತೀರಿಕೊಂಡದ್ದು ನನ್ನ ಮಡಿಲಲ್ಲಿ. ಆತನನ್ನು ನೆನೆದರೆ ನನಗೆ ಇಂದಿಗೂ ಹೇಸಿಗೆ. ಆದರೆ ನನ್ನ ಮೈಯೆಂದರೆ ನನಗೀಗ ಹೇಸಿಗೆಯಿಲ್ಲ. ಅದು ಆಕೆ ನನಗೆ ಕೊಟ್ಟುಹೋದದ್ದು.